ಬ್ರಹ್ಮಪುರಂನ ಹನ್ನೆರಡು ದಿನ

2023ರ ಮಾರ್ಚ್ 2, ಗುರುವಾರ. ಬಿಸಿಲು ಇಳಿಮುಖವಾಗುವ ಹೊತ್ತಿಗೆ ಕೊಚ್ಚಿಯ ಪೂರ್ವದಂಚಿನ ಬ್ರಹ್ಮಪುರಂ ಕಸದ ಯಾರ್ಡಿನಲ್ಲಿ ಪ್ಲಾಸ್ಟಿಕ್ ರಾಶಿಗೆ ಬೆಂಕಿ ಹತ್ತಿತು. ಅಲ್ಲಿ ಬೆಂಕಿ ಹೊಸದೇನಲ್ಲ. ನಾಲ್ಕು ವರ್ಷದ ಹಿಂದೆ, 2019ರ ಫೆಬ್ರುವರಿಯಲ್ಲೂ ಇದೇ ರಾಶಿ ಹೊತ್ತಿ ಉರಿದು ನಗರಕ್ಕೆ ಹೊಗೆ ಉಣಿಸಿತ್ತು. ಬೇಸಿಗೆ ಬಂತೆಂದರೆ ಕಸ ಹೊಗೆಯಾಡುವುದು ಮಾಮೂಲು ಎಂದು ಸುತ್ತಲ ಊರಿನವರು ಸುಮ್ಮನಾಗಿದ್ದರು. ಅಗ್ನಿಶಾಮಕ ದಳದ ವಾಹನಗಳು ಬಂದವು, ನೀರು ಹಾರಿಸಿದವು. ರಾತ್ರಿ ಕಳೆಯಿತು, ಬೆಂಕಿ ಕಳೆಯಲಿಲ್ಲ.

ಶುಕ್ರವಾರ, ಶನಿವಾರ ದಾಟುವಷ್ಟರಲ್ಲಿ ಹೊಗೆ ನಗರದೊಳಗೆ ಬಂದಿತ್ತು. ತೃಪ್ಪೂಣಿತ್ತುರ, ಇರುಂಬನಂ, ಕಾಕ್ಕನಾಡ್, ವೈಟ್ಟಿಲ, ಮರಡು ಎಂದು ಒಂದೊಂದೇ ಬಡಾವಣೆ ಮಸುಕಾಯಿತು. ಹೊಗೆಗೊಂದು ವೇಳಾಪಟ್ಟಿಯೂ ಇತ್ತು. ಹಗಲು ಕಡಲ ಗಾಳಿ ಪಶ್ಚಿಮದಿಂದ ಬೀಸಿ ಹೊಗೆಯನ್ನು ಒಳನಾಡಿನ ಕಡೆ ತಳ್ಳುತ್ತದೆ. ರಾತ್ರಿಯಾದರೆ ನೆಲ ಬೇಗ ತಣ್ಣಗಾಗಿ ಗಾಳಿ ತಿರುಗುತ್ತದೆ, ಒಳನಾಡಿನಿಂದ ಕಡಲಿಗೆ. ಬ್ರಹ್ಮಪುರಂಗೂ ಕಡಲಿಗೂ ನಡುವೆ ಇರುವುದು ಕೊಚ್ಚಿ ನಗರ. ರಾತ್ರಿಯ ತಂಪಿಗೆ ಗಾಳಿಯ ಕೆಳಪದರ ನೆಲಕ್ಕೆ ಅಂಟಿಕೊಂಡು ನಿಲ್ಲುವುದರಿಂದ ಹೊಗೆ ಮೇಲೇರಲೂ ಆಗದು. ಹೀಗಾಗಿ ಜನ ನಸುಕಿನಲ್ಲಿ ಕಿಟಕಿ ತೆರೆದರೆ ಸುಟ್ಟ ಪ್ಲಾಸ್ಟಿಕ್ಕಿನ ಘಾಟು. ಕಣ್ಣುರಿ, ಗಂಟಲು ಕೆರೆತ, ನಿಲ್ಲದ ಕೆಮ್ಮು, ತಲೆನೋವು.

ಭಾನುವಾರ, ಮಾರ್ಚ್ 5ರಂದು ಮನೆಯಿಂದ ಹೊರಬರಬೇಡಿ ಎಂದು ಜಿಲ್ಲಾಡಳಿತ ಜನರಿಗೆ ಹೇಳಿತು. ಸೋಮವಾರದಿಂದ ಕೊಚ್ಚಿ ನಗರ ಮತ್ತು ಅಕ್ಕಪಕ್ಕದ ಪುರಸಭೆ, ಪಂಚಾಯತಿಗಳ ಶಾಲೆಗಳಲ್ಲಿ ಏಳನೇ ತರಗತಿಯವರೆಗಿನ ಮಕ್ಕಳಿಗೆ ರಜೆ. ಮೂರು ವರ್ಷ ಕೋವಿಡ್‌ಗಾಗಿ ಕಟ್ಟಿಕೊಂಡಿದ್ದ ಮಾಸ್ಕುಗಳು ಮತ್ತೆ ಹೊರಬಂದವು. ವಾರದ ನಡುವೆ ಜಿಲ್ಲಾಧಿಕಾರಿ ರೇಣು ರಾಜ್ ವಯನಾಡಿಗೆ ವರ್ಗವಾದರು, ಎನ್.ಎಸ್.ಕೆ. ಉಮೇಶ್ ಬಂದು ಕುಳಿತರು. ಕಸಕ್ಕೆ ಹತ್ತಿದ ಬೆಂಕಿಯ ಬಿಸಿ ಸರ್ಕಾರಕ್ಕೂ ತಟ್ಟಿತ್ತು.

ಕೇರಳದ ಗಾಳಿಗೆ ದೇಶದಲ್ಲಿ ಒಳ್ಳೆಯ ಹೆಸರು. ಒಂದು ಕಡೆ ಅರಬ್ಬೀ ಸಮುದ್ರ, ಇನ್ನೊಂದು ಕಡೆ ಘಟ್ಟ, ವರ್ಷಕ್ಕೆರಡು ಮಳೆಗಾಲ. ಧೂಳು ಕೂರುವ ಮೊದಲೇ ತೊಳೆದುಹೋಗುತ್ತದೆ. 2019ರ ಜನವರಿಯಲ್ಲಿ ಕೇಂದ್ರ ಸರ್ಕಾರ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮವನ್ನು ಆರಂಭಿಸಿ, ಗಾಳಿಯ ಮಾನದಂಡ ಮೀರಿದ 102 ನಗರಗಳ ಪಟ್ಟಿ ಕೊಟ್ಟಾಗ ಕರ್ನಾಟಕದ ಬೆಂಗಳೂರು, ದಾವಣಗೆರೆ, ಹುಬ್ಬಳ್ಳಿ-ಧಾರವಾಡ, ಕಲಬುರಗಿ ಅದರಲ್ಲಿದ್ದವು. ಕೇರಳದ ಒಂದು ಊರೂ ಇರಲಿಲ್ಲ. ಪಟ್ಟಿ ತಪ್ಪಲ್ಲ. ಅದು ವರ್ಷಗಟ್ಟಲೆ ಅಳೆದ ಸರಾಸರಿಯ ಮೇಲೆ ನಿಂತ ಪಟ್ಟಿ. ಹನ್ನೆರಡು ದಿನದ ಹೊಗೆಯನ್ನು ಹಿಡಿಯಲು ಅದನ್ನು ಯಾರೂ ಮಾಡಿರಲಿಲ್ಲ.

ಬ್ರಹ್ಮಪುರಂ ಎಂಬುದು ವಡವುಕೋಡ್-ಪುತ್ತನ್‌ಕುರಿಶ್ ಪಂಚಾಯತಿಯ ಜಾಗ. ಹತ್ತಿರದಲ್ಲೇ ಕಡಂಬ್ರಯಾರ್ ಎಂಬ ಸಣ್ಣ ನದಿ ಹರಿಯುತ್ತದೆ. ತೊಂಬತ್ತರ ದಶಕದಲ್ಲಿ ಆ ಹೆಸರು ಕೇಳಿದರೆ ಜನರಿಗೆ ನೆನಪಾಗುತ್ತಿದ್ದದ್ದು ರಾಜ್ಯ ವಿದ್ಯುತ್ ಮಂಡಳಿಯ ಡೀಸೆಲ್ ವಿದ್ಯುತ್ ಸ್ಥಾವರ ಮತ್ತು ಅದರ ಸುತ್ತ ಎದ್ದ ಖರೀದಿ ಹಗರಣ. ಆ ದಶಕದ ಕೊನೆಗೆ ಕೊಚ್ಚಿ ಮಹಾನಗರಪಾಲಿಕೆ ಅಲ್ಲಿ ಕಸ ಸಂಸ್ಕರಣೆಗೆ ಜಮೀನು ಕೊಂಡಿತು. ಅಷ್ಟರವರೆಗೆ ನಗರದ ಕಸ ನಿಂತ ನೆಲೆಯಿಲ್ಲದೆ ಅಲೆದಿತ್ತು. ಒಂದು ಕಾಲಕ್ಕೆ ಬಂದರಿನ ವಿಲ್ಲಿಂಗ್ಡನ್ ದ್ವೀಪದಲ್ಲೂ ಸುರಿದದ್ದುಂಟು. 2008ರಲ್ಲಿ ಬ್ರಹ್ಮಪುರಂನಲ್ಲಿ ಗೊಬ್ಬರ ಮಾಡುವ ಘಟಕ ಶುರುವಾಯಿತು. ಕಟ್ಟಿದ್ದು ಜೌಗು ನೆಲದ ಮೇಲೆ. ಕೆಲವೇ ಕಾಲದಲ್ಲಿ ಕಟ್ಟಡ ಕುಸಿಯತೊಡಗಿತು. ಘಟಕ ಕುಸಿದರೂ ಲಾರಿಗಳು ನಿಲ್ಲಲಿಲ್ಲ. ಕೊಚ್ಚಿಯದಷ್ಟೇ ಅಲ್ಲ, ಅಕ್ಕಪಕ್ಕದ ಪುರಸಭೆ, ಪಂಚಾಯತಿಗಳ ಕಸವೂ ಅಲ್ಲಿಗೇ. ಹಸಿ ಕಸದ ಜೊತೆ ಪ್ಲಾಸ್ಟಿಕ್, ಬಟ್ಟೆ, ಥರ್ಮೋಕೋಲ್, ಚಪ್ಪಲಿ, ಹಾಸಿಗೆ ಎಲ್ಲ ಬಂದು ಬಿದ್ದು ಸುಮಾರು 110 ಎಕರೆಯ ಆ ಜಾಗದಲ್ಲಿ ಗುಡ್ಡ ಬೆಳೆಯಿತು. ಕೂಗಳತೆ ಆಚೆಗೆ ಕಾಕ್ಕನಾಡಿನ ಇನ್ಫೋಪಾರ್ಕ್, ಸ್ಮಾರ್ಟ್ ಸಿಟಿಯ ಗಾಜಿನ ಕಟ್ಟಡಗಳು. ಕನ್ನಡದ ಓದುಗರಿಗೆ ಈ ಚಿತ್ರ ಹೊಸದಲ್ಲ. ಮಾವಳ್ಳಿಪುರ, ಮಂಡೂರುಗಳನ್ನು ಬೆಂಗಳೂರು ಹೀಗೇ ಬಳಸಿ, ಊರಿನವರು ತಿರುಗಿಬಿದ್ದ ಮೇಲೆ ಕೈಬಿಟ್ಟಿತು. ಮಂಗಳೂರಿನ ಪಚ್ಚನಾಡಿಯ ಗುಡ್ಡ 2019ರ ಆಗಸ್ಟ್ ಮಳೆಗೆ ಜಾರಿ ಮಂದಾರದ ಮನೆ, ತೋಟಗಳ ಮೇಲೆ ಹರಿಯಿತು.

ಬೆಂಕಿ ಹತ್ತಿದ ಕಾಲಕ್ಕೆ ಬ್ರಹ್ಮಪುರಂನ ಹಳೇ ಕಸವನ್ನು ಬಗೆದು, ಜರಡಿ ಹಿಡಿದು ಬೇರ್ಪಡಿಸುವ ಗುತ್ತಿಗೆ ಬೆಂಗಳೂರು ಮೂಲದ ಕಂಪನಿಯೊಂದರ ಕೈಯಲ್ಲಿತ್ತು. ಬೆಂಕಿ ಇಟ್ಟವರು ಯಾರು ಎಂಬ ಪ್ರಶ್ನೆ ಸುತ್ತ ವಾರಗಟ್ಟಲೆ ರಾಜಕೀಯ ನಡೆಯಿತು. ಬೇಕೆಂದೇ ಹಚ್ಚಿದ್ದಕ್ಕೆ ಪುರಾವೆ ಇಲ್ಲ, ರಾಶಿಯ ಒಳಗಿನ ಕಾವೇ ಕಾರಣವಿರಬೇಕು ಎಂದು ಪೊಲೀಸ್ ವರದಿ ಹೇಳಿತು. ಎಲ್ಲರೂ ಒಪ್ಪಲಿಲ್ಲ. ಆದರೆ ಹತ್ತಿಕೊಳ್ಳಲು ಕಾದು ಕುಳಿತಿದ್ದ ರಾಶಿಯನ್ನು ವರ್ಷಗಟ್ಟಲೆ ಬೆಳೆಸಿದ್ದು ಯಾರು ಎಂಬ ಪ್ರಶ್ನೆಗೆ ತನಿಖೆಯೇ ಬೇಕಿರಲಿಲ್ಲ.

ಆರಿಸುವ ಕೆಲಸ ಯಾಕೆ ಅಷ್ಟು ಕಷ್ಟವಾಯಿತು ಎಂಬುದನ್ನು ತುಸು ಹತ್ತಿರದಿಂದ ನೋಡಬೇಕು. ಕಸದ ಗುಡ್ಡ ಮೇಲಿನಿಂದ ಉರಿಯುವುದು ಮೊದಲ ದಿನ ಮಾತ್ರ. ಆಮೇಲೆ ಅದು ಹೊಟ್ಟು ತುಂಬಿದ ಒಲೆಯ ಹಾಗೆ ಒಳಗೊಳಗೇ ಹೊಗೆಯಾಡುತ್ತದೆ. ಹಸಿ ಕಸ ಗಾಳಿಯಿಲ್ಲದೆ ಕೊಳೆತು ಮೀಥೇನ್ ಹುಟ್ಟಿಸುತ್ತದೆ, ಅದೇ ಉರುವಲು. ಮೇಲೆ ಕರಗಿದ ಪ್ಲಾಸ್ಟಿಕ್ ಗಟ್ಟಿಯಾಗಿ ಹೊದಿಕೆಯಾಗುತ್ತದೆ, ಸುರಿದ ನೀರು ಅದರ ಮೇಲಿಂದ ಜಾರಿ ಪಕ್ಕಕ್ಕೆ ಹರಿಯುತ್ತದೆ. ದಕ್ಷಿಣ ನೌಕಾ ಕಮಾಂಡಿನ ಹೆಲಿಕಾಪ್ಟರುಗಳು ಮೇಲಿಂದ ನೀರು ಸುರಿದವು. ವಾಯುಪಡೆಯ ಎಂಐ-17 ಬಂದು ದೊಡ್ಡ ಬಕೆಟ್ಟಿನಲ್ಲಿ ನೀರು ಹೊತ್ತು ಹಾಕಿತು. ನೋಡಲು ಭರ್ಜರಿ ದೃಶ್ಯ, ಟಿವಿಗೆ ಹಬ್ಬ. ಬೂದಿ ಮುಚ್ಚಿದ ಕೆಂಡಕ್ಕೆ ಮಾತ್ರ ಅದು ತಾಗಲಿಲ್ಲ.

ಕೊನೆಗೆ ಕೆಲಸಕ್ಕೆ ಬಂದದ್ದು ಹಿಟಾಚಿಗಳು. ಕಡಂಬ್ರಯಾರ್‌ನಿಂದ ದೊಡ್ಡ ಪಂಪು ಹಚ್ಚಿ ನೀರು ಎಳೆದರು. ಹಿಟಾಚಿಯ ಬಕೆಟ್ಟು ಗುಡ್ಡವನ್ನು ಆಳಕ್ಕೆ ಬಗೆದು ತೆರೆಯಬೇಕು, ತೆರೆದ ಕೂಡಲೇ ದಟ್ಟ ಹೊಗೆ ಭುಸ್ಸನೆ ಏಳುತ್ತದೆ, ಆ ಹೊಗೆಯೊಳಗೇ ನಿಂತು ಅಗ್ನಿಶಾಮಕ ಸಿಬ್ಬಂದಿ ಹೊಂಡಕ್ಕೆ ನೀರು ತುಂಬಬೇಕು, ಕಸ ನೀರಿನಲ್ಲಿ ಕದಡಿ ಕೆಸರಾಗುವ ತನಕ ಮುಂದಿನ ಜಾಗಕ್ಕೆ ಹೋಗುವಂತಿಲ್ಲ. ಎಕರೆಗಟ್ಟಲೆ ಜಾಗವನ್ನು ಹೀಗೆ ಹಗಲೂ ರಾತ್ರಿ ಪಾಳಿಯ ಮೇಲೆ ಮಗುಚಿದರು. ನ್ಯೂಯಾರ್ಕಿನ ಅಗ್ನಿಶಾಮಕ ಇಲಾಖೆಯ ಉಪಮುಖ್ಯಸ್ಥ ಜಾರ್ಜ್ ಹೀಲಿ ಅವರ ಸಲಹೆಯನ್ನೂ ಆನ್‌ಲೈನಿನಲ್ಲಿ ಪಡೆಯಲಾಯಿತು. ಮಾರ್ಚ್ 13ರ ಸಂಜೆ ಬೆಂಕಿ ಪೂರ್ತಿ ಆರಿದೆ ಎಂದು ಜಿಲ್ಲಾಡಳಿತ ಘೋಷಿಸಿತು. ಅದೇ ತಿಂಗಳ 26ಕ್ಕೆ ಒಂದು ಕಡೆ ಮತ್ತೆ ಹೊತ್ತಿಕೊಂಡಿತು. ಅದನ್ನು ಬೇಗ ಹತೋಟಿಗೆ ತಂದರು.

ಈ ಹನ್ನೆರಡು ದಿನ ಕೊಚ್ಚಿಯ ಜನ ಮೊಬೈಲಿನಲ್ಲಿ ಒಂದು ಸಂಖ್ಯೆ ನೋಡುತ್ತಿದ್ದರು. ಎಕ್ಯೂಐ, ಅಂದರೆ ವಾಯು ಗುಣಮಟ್ಟ ಸೂಚ್ಯಂಕ. ದೆಹಲಿಯವರ ಬಾಯಲ್ಲಿ ಕೇಳಿದ್ದ ಮಾತು ಮಲಯಾಳಿ ಮನೆಗಳ ದಿನದ ಮಾತಾಯಿತು. ವೈಟ್ಟಿಲದಲ್ಲಿರುವ ಮಾಲಿನ್ಯ ನಿಯಂತ್ರಣ ಮಂಡಳಿಯ ಯಂತ್ರ ಕೊಡುವ ಸಂಖ್ಯೆ ಅದು. ವೈಟ್ಟಿಲ ಇರುವುದು ಬ್ರಹ್ಮಪುರಂಗೆ ಕೆಲವು ಕಿಲೋಮೀಟರ್ ಪಶ್ಚಿಮಕ್ಕೆ, ಹೆದ್ದಾರಿಗಳು ಕೂಡುವ ಜಾಗದಲ್ಲಿ. ವಾಹನದ ಹೊಗೆ ಹಿಡಿಯಲು ಹೇಳಿ ಮಾಡಿಸಿದ ತಾಣ. ಇರುಂಬನಂನ ಮನೆಯೊಂದರಲ್ಲಿ ಕಣ್ಣು ಬಿಡಲಾಗದ ಹೊತ್ತಿನಲ್ಲಿ ಮೊಬೈಲು ‘ಮಧ್ಯಮ’ ಎಂದು ತೋರಿಸಿದರೆ ಆ ಮನೆಯವರು ಯಂತ್ರವನ್ನು ನಂಬಬೇಕೋ ಗಂಟಲನ್ನೋ?

ಯಂತ್ರ ಸುಳ್ಳು ಹೇಳುವುದಿಲ್ಲ, ಕೇಳಿದ್ದಕ್ಕಷ್ಟೇ ಉತ್ತರ ಕೊಡುತ್ತದೆ. ನಿರಂತರ ಮಾಪನ ಕೇಂದ್ರದೊಳಗೆ ಗಾಳಿಯನ್ನು ನಿಗದಿತ ವೇಗದಲ್ಲಿ ಎಳೆದು ದಪ್ಪ ಕಣಗಳನ್ನು ಬೇರ್ಪಡಿಸುತ್ತಾರೆ. ಉಳಿಯುವುದು 2.5 ಮೈಕ್ರಾನಿಗಿಂತ ಸಣ್ಣ ಕಣಗಳು, ಅಂದರೆ ಪಿಎಂ 2.5. ತಲೆಗೂದಲ ದಪ್ಪದ ಇಪ್ಪತ್ತರಲ್ಲೊಂದು ಪಾಲಿನಷ್ಟು. ಅವು ಒಂದು ಶೋಧಕ ಪಟ್ಟಿಯ ಮೇಲೆ ಕೂರುತ್ತವೆ. ಪಟ್ಟಿಯ ಒಂದು ಕಡೆ ಬೀಟಾ ಕಿರಣ ಸೂಸುವ ಸಣ್ಣ ಮೂಲ, ಇನ್ನೊಂದು ಕಡೆ ಎಣಿಸುವ ಸಾಧನ. ಕಣ ಹೆಚ್ಚು ಕೂತಷ್ಟೂ ಕಿರಣ ಕಡಿಮೆ ದಾಟುತ್ತದೆ. ಆ ವ್ಯತ್ಯಾಸದಿಂದ ತೂಕ ಲೆಕ್ಕ ಹಾಕಿ, ಘನ ಮೀಟರಿಗೆ ಇಷ್ಟು ಮೈಕ್ರೋಗ್ರಾಂ ಎಂದು ಗಂಟೆಗೊಮ್ಮೆ ಹೇಳುತ್ತದೆ.

ಈ ಕಚ್ಚಾ ಅಂಕಿ ಸೂಚ್ಯಂಕವಾಗುವುದು ಇನ್ನೊಂದು ಲೆಕ್ಕದಿಂದ. 2015ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ ರಾಷ್ಟ್ರೀಯ ಸೂಚ್ಯಂಕ ಎಂಟು ವಸ್ತುಗಳನ್ನು ಪರಿಗಣಿಸುತ್ತದೆ: ಪಿಎಂ 10, ಪಿಎಂ 2.5, ನೈಟ್ರೋಜನ್ ಡೈಆಕ್ಸೈಡ್, ಗಂಧಕದ ಡೈಆಕ್ಸೈಡ್, ಕಾರ್ಬನ್ ಮೊನಾಕ್ಸೈಡ್, ಓಝೋನ್, ಅಮೋನಿಯಾ, ಸೀಸ. ಒಂದೊಂದಕ್ಕೂ ಉಪಸೂಚ್ಯಂಕ ಕಟ್ಟಿ, ಅವುಗಳಲ್ಲಿ ಅತಿ ಕೆಟ್ಟದ್ದನ್ನು ಊರಿನ ಸಂಖ್ಯೆಯಾಗಿ ಪ್ರಕಟಿಸುತ್ತಾರೆ. ಆದರೆ ಕಣಗಳ ಮಟ್ಟಿಗೆ ಅದು 24 ಗಂಟೆಯ ಸರಾಸರಿ. ಒಂದು ಊಹೆಯ ಲೆಕ್ಕ ಮಾಡಿ ನೋಡಬಹುದು. ರಾತ್ರಿ ಆರು ಗಂಟೆ ಕಾಲ ಹೊಗೆ ಕವಿದು ಪಿಎಂ 2.5 ಘನ ಮೀಟರಿಗೆ 200 ಮೈಕ್ರೋಗ್ರಾಂಗೆ ಏರಿತು, ಉಳಿದ ಹದಿನೆಂಟು ಗಂಟೆ ಕಡಲ ಗಾಳಿ ಬೀಸಿ 30ರಲ್ಲಿ ನಿಂತಿತು ಎನ್ನೋಣ. ದಿನದ ಸರಾಸರಿ 72.5. ಪಟ್ಟಿಯಲ್ಲಿ ಅದರ ಹೆಸರು ‘ಮಧ್ಯಮ’. ಆ ಆರು ಗಂಟೆ ಉಸಿರಾಡಿದ ಅಸ್ತಮಾ ರೋಗಿಯ ಪಾಲಿಗೆ ಮಧ್ಯಮವೆಂಬುದು ಯಾವುದೂ ಇರಲಿಲ್ಲ.

ಮಿತಿಗಳ ವಿಷಯದಲ್ಲೂ ಒಂದು ಗೊಂದಲವಿದೆ. ಭಾರತದ 2009ರ ಮಾನದಂಡದಂತೆ ಪಿಎಂ 2.5 ದಿನಕ್ಕೆ ಸರಾಸರಿ 60, ವರ್ಷಕ್ಕೆ 40 ಮೈಕ್ರೋಗ್ರಾಂ ದಾಟಬಾರದು. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ತನ್ನ ಮಿತಿಯನ್ನು ದಿನಕ್ಕೆ 15, ವರ್ಷಕ್ಕೆ 5ಕ್ಕೆ ಇಳಿಸಿತು. ಒಂದೇ ಗಾಳಿ ದೆಹಲಿಯ ಕಾಗದದಲ್ಲಿ ತೃಪ್ತಿಕರ, ಜಿನೀವಾದ ಕಾಗದದಲ್ಲಿ ಅಪಾಯಕಾರಿ. ಸಣ್ಣ ಕಣ ಶ್ವಾಸಕೋಶದ ತುದಿಯ ಗಾಳಿಚೀಲಕ್ಕೆ ಇಳಿದು ಅಲ್ಲಿಂದ ರಕ್ತಕ್ಕೂ ದಾಟಬಲ್ಲದು. ಅಮೆರಿಕದ ಆರು ನಗರಗಳ ಜನರನ್ನು ವರ್ಷಗಟ್ಟಲೆ ಹಿಂಬಾಲಿಸಿ 1993ರಲ್ಲಿ ಪ್ರಕಟವಾದ ಹಾರ್ವರ್ಡ್ ಅಧ್ಯಯನ, ಸಣ್ಣ ಕಣ ಹೆಚ್ಚಿರುವ ಊರಿನವರು ಬೇಗ ಸಾಯುತ್ತಾರೆಂದು ತೋರಿಸಿತು. 2013ರಲ್ಲಿ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಹೊರಗಿನ ಗಾಳಿಯ ಮಾಲಿನ್ಯವನ್ನೇ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿತು.

ಇಷ್ಟಾದರೂ ಬ್ರಹ್ಮಪುರಂ ಹೊಗೆಯಲ್ಲಿ ಜನ ನಿಜಕ್ಕೂ ಹೆದರಿದ ವಸ್ತು ಆ ಎಂಟರ ಪಟ್ಟಿಯಲ್ಲಿಲ್ಲ. ಅದು ಡಯಾಕ್ಸಿನ್. ಪಿವಿಸಿಯಂಥ ಕ್ಲೋರಿನ್ ಇರುವ ಪ್ಲಾಸ್ಟಿಕ್ ಕಡಿಮೆ ಕಾವಿನಲ್ಲಿ, ಸಾಕಷ್ಟು ಗಾಳಿಯಿಲ್ಲದೆ ಹೊಗೆಯಾಡಿದಾಗ ಹುಟ್ಟುವ ವಿಷ. ಒಳ್ಳೆಯ ಕುಲುಮೆಯಲ್ಲಿ 850 ಡಿಗ್ರಿಗೂ ಹೆಚ್ಚು ಕಾವಿದ್ದರೆ ಅದು ಒಡೆದುಹೋಗುತ್ತದೆ. ಕಸದ ಗುಡ್ಡದ ಹೊಟ್ಟೆ ಅಂಥ ಕುಲುಮೆಯಲ್ಲ. ಇಟಲಿಯ ಸೆವೆಸೊದಲ್ಲಿ 1976ರ ಜುಲೈ 10ರಂದು ರಾಸಾಯನಿಕ ಕಾರ್ಖಾನೆಯಿಂದ ಹೊರಬಿದ್ದು ಮಕ್ಕಳ ಮುಖದ ಮೇಲೆ ಗುಳ್ಳೆ ಎಬ್ಬಿಸಿದ್ದು ಇದರಲ್ಲೇ ಅತಿ ವಿಷಕಾರಿಯಾದ ಟಿಸಿಡಿಡಿ. 1997ರಲ್ಲಿ ಅದು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುವೆಂದು ಘೋಷಣೆಯಾಯಿತು. ಕೊಬ್ಬಿನಲ್ಲಿ ಕೂತರೆ ಅರ್ಧದಷ್ಟು ಹೊರಹೋಗಲು ಏಳರಿಂದ ಹನ್ನೊಂದು ವರ್ಷ ಬೇಕು.

ಇದನ್ನು ಅಳೆಯುವುದು ಬೇರೆಯದೇ ದಾರಿ. ಬಹಳಷ್ಟು ಗಾಳಿಯನ್ನು ಗಂಟೆಗಟ್ಟಲೆ ಶೋಧಕ ಮತ್ತು ಪಾಲಿಯುರಿಥೇನ್ ಸ್ಪಂಜಿನ ಮೂಲಕ ಎಳೆದು, ಅಂಟಿದ್ದನ್ನು ದ್ರಾವಕದಲ್ಲಿ ಬಿಡಿಸಿ, ಹಂತಹಂತವಾಗಿ ಶುದ್ಧ ಮಾಡಿ, ದುಬಾರಿ ರೋಹಿತಮಾಪಕದಲ್ಲಿ ಹಾಯಿಸಬೇಕು. ಲೆಕ್ಕ ಪಿಕೋಗ್ರಾಂನಲ್ಲಿ, ಅಂದರೆ ಗ್ರಾಮಿನ ಲಕ್ಷ ಕೋಟಿಯಲ್ಲೊಂದು ಭಾಗದಲ್ಲಿ. ದೇಶದಲ್ಲಿ ಇದನ್ನು ಮಾಡಬಲ್ಲ ಪ್ರಯೋಗಾಲಯಗಳು ಬೆರಳೆಣಿಕೆಯಷ್ಟು. ಅದರಲ್ಲೊಂದು ತಿರುವನಂತಪುರದ ಪಾಪ್ಪನಂಕೋಡಿನಲ್ಲಿರುವ ಸಿಎಸ್‌ಐಆರ್‌ನ ರಾಷ್ಟ್ರೀಯ ಅಂತರಶಿಸ್ತೀಯ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆ. ಎಲ್ಲರ ಬಾಯಲ್ಲಿ ನಿಸ್ಟ್. 2019ರ ಬ್ರಹ್ಮಪುರಂ ಬೆಂಕಿಯ ವೇಳೆ ಗಾಳಿಯ ಮಾದರಿ ಪರೀಕ್ಷಿಸಿ, ಡಯಾಕ್ಸಿನ್ ಸಾಮಾನ್ಯ ಮಟ್ಟಕ್ಕಿಂತ ಹಲವು ಪಟ್ಟು ಹೆಚ್ಚಿದೆ ಎಂದು ಅದರ ವಿಜ್ಞಾನಿಗಳು ದಾಖಲಿಸಿದ್ದರು. ಆ ವರದಿ ಊರಿನ ಬಾಯಿಗೆ ಬಂದದ್ದು ನಾಲ್ಕು ವರ್ಷದ ನಂತರ, ಅದೇ ರಾಶಿ ಮತ್ತೆ ಉರಿದಾಗ.

ಕೊಚ್ಚಿಗೆ ಅಳತೆಯ ಜಗಳ ಹಳೆಯದು. ನಗರದ ಉತ್ತರಕ್ಕೆ, ಪೆರಿಯಾರ್ ದಂಡೆಯ ಏಲೂರಿನಲ್ಲಿ 1940ರ ದಶಕದಲ್ಲಿ, ತಿರುವಾಂಕೂರು ದಿವಾನ ಸರ್ ಸಿ.ಪಿ. ರಾಮಸ್ವಾಮಿ ಅಯ್ಯರ್ ಕಾಲದಲ್ಲಿ ಫ್ಯಾಕ್ಟ್ ರಸಗೊಬ್ಬರ ಕಾರ್ಖಾನೆ ಹುಟ್ಟಿತು. 1947ರಲ್ಲಿ ಉತ್ಪಾದನೆ ಶುರುವಾದಾಗ ಅಮೋನಿಯಾ ಮಾಡಲು ಬೇಕಾದ ಅನಿಲವನ್ನು ಕಾಡಿನ ಸೌದೆ ಸುಟ್ಟು ತೆಗೆಯುತ್ತಿದ್ದರು ಎಂದರೆ ಇಂದು ನಂಬುವುದು ಕಷ್ಟ. ಅದರ ಬೆನ್ನಿಗೆ ಇಂಡಿಯನ್ ರೇರ್ ಅರ್ಥ್ಸ್, ಆಮೇಲೆ ಡಿಡಿಟಿ ತಯಾರಿಸುವ ಸರ್ಕಾರಿ ಕಂಪನಿ ಹಿಂದೂಸ್ತಾನ್ ಇನ್‌ಸೆಕ್ಟಿಸೈಡ್ಸ್. ಸ್ವಾತಂತ್ರ್ಯ ಬಂದ ಹೊಸದರಲ್ಲಿ ಚಿಮಣಿಯ ಹೊಗೆ ಎಂದರೆ ಉದ್ಯೋಗದ ಗುರುತು. ಆ ಜಾಗದ ಹೆಸರೇ ಉದ್ಯೋಗಮಂಡಲ್.

ಭೋಪಾಲ್ ದುರಂತದ ನಂತರ ಆ ನೋಟ ಬದಲಾಯಿತು. ವಿಲ್ಲಿಂಗ್ಡನ್ ದ್ವೀಪದಲ್ಲಿದ್ದ ಫ್ಯಾಕ್ಟ್‌ನ 10,000 ಟನ್ನಿನ ಅಮೋನಿಯಾ ಟ್ಯಾಂಕ್ ಒಡೆದರೆ ನಗರದ ಗತಿಯೇನು ಎಂಬ ಅರ್ಜಿ ಕೇರಳ ಹೈಕೋರ್ಟಿಗೆ ಹೋಯಿತು. 1994ರಲ್ಲಿ ನ್ಯಾಯಾಲಯ ಟ್ಯಾಂಕನ್ನು ಬರಿದು ಮಾಡಿ ನಿಲ್ಲಿಸಲು ಆದೇಶಿಸಿತು. ಸೋರಿದ ಗಾಳಿಗಲ್ಲ, ಸೋರಬಹುದಾದ ಗಾಳಿಗೆ ಬಂದ ತೀರ್ಪು ಅದು. ಕಸದ ಗುಡ್ಡದ ವಿಷಯದಲ್ಲಿ ಅಂಥ ಮುಂದಾಲೋಚನೆ ಯಾರಿಗೂ ಬರಲಿಲ್ಲ, ಕಸಕ್ಕೆ ಟ್ಯಾಂಕಿನ ಗಾಂಭೀರ್ಯ ಎಲ್ಲಿಂದ ಬರಬೇಕು!

ಏಲೂರಿನಲ್ಲಿ ಡಯಾಕ್ಸಿನ್ ಅಳೆದದ್ದು ಕೋಳಿಮೊಟ್ಟೆಯಿಂದ. 2005ರಲ್ಲಿ ತಿರುವನಂತಪುರದ ‘ತಣಲ್’ ಸಂಸ್ಥೆ ಐಪೆನ್ ಎಂಬ ಅಂತರರಾಷ್ಟ್ರೀಯ ಜಾಲದ ಜೊತೆ ಸೇರಿ ಕೀಟನಾಶಕ ಕಾರ್ಖಾನೆಯ ಸಮೀಪದ ಮನೆಗಳ ನಾಟಿ ಕೋಳಿಯ ಮೊಟ್ಟೆಗಳನ್ನು ಪರೀಕ್ಷೆಗೆ ಕಳಿಸಿತು. ಅಂಗಳದಲ್ಲಿ ಮಣ್ಣು ಕೆದರಿ ತಿನ್ನುವ ಕೋಳಿ ನೆಲಕ್ಕೆ ಬಿದ್ದದ್ದನ್ನೆಲ್ಲ ಹೊಟ್ಟೆಗೆ ಸೇರಿಸುತ್ತದೆ; ಡಯಾಕ್ಸಿನ್ ಹೋಗಿ ಹಳದಿಯ ಕೊಬ್ಬಿನಲ್ಲಿ ಕೂರುತ್ತದೆ. ಫಲಿತಾಂಶ ಐರೋಪ್ಯ ಒಕ್ಕೂಟದ ಮಿತಿಯನ್ನು ಮೀರಿತ್ತು. ಕೋಟಿ ರೂಪಾಯಿಯ ಯಂತ್ರ ಇಲ್ಲದ ಊರಿನಲ್ಲಿ ಕೋಳಿಯೇ ಮಾದರಿ ಸಂಗ್ರಾಹಕ.

ಅದೇ ಏಲೂರಿನ ಕಾರ್ಖಾನೆ ಎಂಡೋಸಲ್ಫಾನ್ ಕೂಡ ತಯಾರಿಸುತ್ತಿತ್ತು. 2004ರ ಜುಲೈ 6ರಂದು ಆ ಘಟಕಕ್ಕೆ ಬೆಂಕಿ ಬಿದ್ದು ಸುತ್ತಲಿನವರು ಮನೆ ಬಿಟ್ಟು ಓಡಿದ್ದರು. ಎಂಡೋಸಲ್ಫಾನ್ ಹೆಸರು ಕೇಳಿದರೆ ಕಾಸರಗೋಡಿನ ಕನ್ನಡಿಗರಿಗೆ ಏಲೂರು ನೆನಪಾಗುವುದಿಲ್ಲ, ಹೆಲಿಕಾಪ್ಟರ್ ನೆನಪಾಗುತ್ತದೆ. ಕೇರಳ ಪ್ಲಾಂಟೇಷನ್ ಕಾರ್ಪೊರೇಷನ್ನಿನ ಗೇರು ತೋಟಗಳ ಮೇಲೆ ಎಪ್ಪತ್ತರ ದಶಕದಿಂದ 2000ದವರೆಗೆ ಎಂಡೋಸಲ್ಫಾನ್ ಮೇಲಿಂದ ಸಿಂಪಡಿಸಲಾಯಿತು. ಎಣ್ಮಕಜೆ ಪಂಚಾಯತಿಯ ಪಡ್ರೆ, ಸ್ವರ್ಗ, ವಾಣಿನಗರದಲ್ಲಿ ಗುಡ್ಡದ ನೆತ್ತಿಯಲ್ಲಿ ಬಿದ್ದದ್ದು ಕಣಿವೆಯ ಮನೆ, ಬಾವಿ, ನೀರಿನ ಸುರಂಗಗಳಿಗೆ ಇಳಿಯಿತು. ಅಂಗವಿಕಲ ಕರುಗಳು ಹುಟ್ಟುತ್ತಿರುವುದನ್ನು ಪತ್ರಕರ್ತ ಶ್ರೀಪಡ್ರೆ 1979ರ ಹೊತ್ತಿಗೇ ಬರೆದರು. ವಾಣಿನಗರದಲ್ಲಿ ವೈದ್ಯರಾಗಿದ್ದ ಡಾ. ವೈ.ಎಸ್. ಮೋಹನ ಕುಮಾರ್ ತಮ್ಮ ರೋಗಿಗಳಲ್ಲಿ ಕಂಡ ಕಾಯಿಲೆಗಳ ಬಗ್ಗೆ ಸದ್ದು ಮಾಡಿದರು. ಅಲ್ಲಿಯೂ ಸರ್ಕಾರ ಮೊದಲು ಕೇಳಿದ್ದು ಅಂಕಿ ಎಲ್ಲಿ ಎಂದೇ. ಸಿಂಪಡಿಸುವ ದಿನ ಗಾಳಿಯಲ್ಲಿ ಎಷ್ಟಿತ್ತು ಎಂದು ಅಳೆದವರಿದ್ದರೆ ತಾನೆ ಅಂಕಿ. 2011ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ದೇಶದಲ್ಲೇ ಎಂಡೋಸಲ್ಫಾನ್ ನಿಲ್ಲಿಸಿತು.

ಕಸದ ವಿಷಯದಲ್ಲಿ ತಿರುವನಂತಪುರದ ಕಥೆ ಕೊಚ್ಚಿಯದಕ್ಕೆ ತಿರುಗುಮುರುಗು. ರಾಜಧಾನಿಯ ಕಸ 2000ದಿಂದ ವಿಳಪ್ಪಿಲ್‌ಶಾಲ ಎಂಬ ಹಳ್ಳಿಗೆ ಹೋಗುತ್ತಿತ್ತು. ನಾತ, ನೊಣ, ತೊರೆಗೆ ಇಳಿಯುವ ಕೊಳಚೆ ನೀರು. ಹನ್ನೊಂದು ವರ್ಷ ತಾಳಿಕೊಂಡ ಊರಿನವರು 2011ರ ಡಿಸೆಂಬರ್ 21ರಂದು ಪಂಚಾಯತಿಯ ಮೂಲಕವೇ ಘಟಕಕ್ಕೆ ಬೀಗ ಹಾಕಿದರು. ಮರುವರ್ಷ ಪೊಲೀಸ್ ಕಾವಲಿನಲ್ಲಿ ಯಂತ್ರ ತರಲು ಹೊರಟಾಗ ರಸ್ತೆಯಲ್ಲೇ ಕುಳಿತು ತಡೆದರು. ಘಟಕ ಮತ್ತೆ ತೆರೆಯಲಿಲ್ಲ. ನಗರದಲ್ಲಿ ಕಸ ಮೂಲೆಮೂಲೆಗೆ ಬಿತ್ತು, ಮೂಲೆಮೂಲೆಯಲ್ಲಿ ಉರಿಯಿತು. ಒಂದು ದೊಡ್ಡ ಹೊಗೆಯ ಬದಲು ಸಾವಿರ ಸಣ್ಣ ಹೊಗೆ. ಅವುಗಳಲ್ಲಿ ಯಾವುದೂ ಮಾಪನ ಕೇಂದ್ರದ ಕಣ್ಣಿಗೆ ಬೀಳುವಷ್ಟು ದೊಡ್ಡದಲ್ಲ, ಪಕ್ಕದ ಮನೆಯ ಮಗುವಿಗೆ ಸಾಕಾಗುವಷ್ಟು ಮಾತ್ರ. ಬೇರೆ ದಾರಿ ಕಾಣದೆ ಪಾಲಿಕೆ ಮನೆಯಲ್ಲೇ ಗೊಬ್ಬರ ಮಾಡುವ ಬಿನ್ನು, ಬೀದಿಯ ಏರೋಬಿಕ್ ಬಿನ್ನು, ಒಣ ಪ್ಲಾಸ್ಟಿಕ್ ತೆಗೆದುಕೊಂಡು ಹೋಗುವ ಹರಿತ ಕರ್ಮಸೇನೆಯ ಹೆಂಗಸರು ಎಂದು ಕಲಿಯುತ್ತ ಹೋಯಿತು. ಬಲವಂತದ ಪಾಠವೇ ಸರಿ. ಆದರೆ 2023ರಲ್ಲಿ ಉರಿಯಲು ರಾಜಧಾನಿಯ ಹತ್ತಿರ ಅಷ್ಟು ದೊಡ್ಡ ಗುಡ್ಡ ಇರಲಿಲ್ಲ.

ಮಾರ್ಚ್ 7ರ ಮಂಗಳವಾರ ಎರಡೂ ಊರುಗಳಲ್ಲಿ ಹೊಗೆ. ಅಂದು ತಿರುವನಂತಪುರದಲ್ಲಿ ಆಟ್ಟುಕಾಲ್ ಪೊಂಗಾಲ. ಕೋವಿಡ್ ವರ್ಷಗಳ ನಂತರ ಮೊದಲ ಬಾರಿಗೆ ಪೂರ್ತಿ ಪ್ರಮಾಣದಲ್ಲಿ ಲಕ್ಷಾಂತರ ಹೆಂಗಸರು ರಸ್ತೆಯುದ್ದಕ್ಕೂ ಮೂರು ಇಟ್ಟಿಗೆಯ ಒಲೆ ಹೂಡಿ, ತೆಂಗಿನ ಗರಿ ಉರಿಸಿ ಪಾಯಸ ಕುದಿಸಿದರು. ಕಣ್ಣಲ್ಲಿ ನೀರು, ಕೈಯಲ್ಲಿ ಸೌಟು. ಸಂಜೆಯ ಹೊತ್ತಿಗೆ ಒಲೆ ಆರಿತ್ತು. ಅದೇ ದಿನ ಕೊಚ್ಚಿಯಲ್ಲಿ, ನ್ಯಾಯಮೂರ್ತಿ ದೇವನ್ ರಾಮಚಂದ್ರನ್ ಬರೆದ ಪತ್ರದ ಆಧಾರದ ಮೇಲೆ ಹೈಕೋರ್ಟ್ ಬ್ರಹ್ಮಪುರಂ ವಿಷಯವನ್ನು ಸ್ವಯಂಪ್ರೇರಿತವಾಗಿ ಕೈಗೆತ್ತಿಕೊಂಡಿತು. ನ್ಯಾಯಾಧೀಶರೂ ಅದೇ ಹೊಗೆ ಕುಡಿಯುತ್ತಿದ್ದವರು. ಪ್ರಕರಣಕ್ಕೆ ಸಾಕ್ಷಿ ಹುಡುಕುವ ಅಗತ್ಯ ಅವರಿಗೆ ಬೀಳಲಿಲ್ಲ. ಪಾಲಿಕೆಯ ಕಾರ್ಯದರ್ಶಿಯಿಂದ ಹಿಡಿದು ಮಾಲಿನ್ಯ ಮಂಡಳಿಯ ಮುಖ್ಯಸ್ಥರವರೆಗೆ ಎಲ್ಲರೂ ಉತ್ತರ ಕೊಡಬೇಕಾಯಿತು.

ಆರೋಗ್ಯ ಇಲಾಖೆ ಸಂಚಾರಿ ಚಿಕಿತ್ಸಾ ಘಟಕಗಳನ್ನು ಕಳಿಸಿತು, ಆಶಾ ಕಾರ್ಯಕರ್ತೆಯರು ಮನೆಮನೆಗೆ ಹೋಗಿ ಯಾರಿಗೆ ಉಬ್ಬಸ, ಯಾರಿಗೆ ಕಣ್ಣುರಿ, ಯಾರು ಗರ್ಭಿಣಿ ಎಂದು ಬರೆದುಕೊಂಡರು. ನಟ ಮಮ್ಮೂಟ್ಟಿಯ ಕಡೆಯಿಂದಲೂ ವೈದ್ಯರ ತಂಡ ಹೋಯಿತು. ಮಾರ್ಚ್ ಮಧ್ಯದ ಹೊತ್ತಿಗೆ ಚಿಕಿತ್ಸೆ ಪಡೆದವರ ಲೆಕ್ಕ ಸಾವಿರ ದಾಟಿತ್ತು. 1952ರ ಡಿಸೆಂಬರ್‌ನಲ್ಲಿ ಲಂಡನ್ನನ್ನು ಐದು ದಿನ ಮುಚ್ಚಿದ ಹೊಗೆಮಂಜಿನಿಂದ ಸುಮಾರು 4,000 ಜನ ಸತ್ತರೆಂದು ಗೊತ್ತಾದದ್ದು ಮಂಜು ಕರಗಿದ ಮೇಲೆ, ಸಾವಿನ ನೋಂದಣಿ ಪುಸ್ತಕ ತೆರೆದಾಗ. ಇತ್ತೀಚಿನ ಲೆಕ್ಕಗಳು ಅದನ್ನು 12,000ದವರೆಗೆ ಏರಿಸಿವೆ. ಆಶಾ ಕಾರ್ಯಕರ್ತೆಯರ ಪುಸ್ತಕದಂಥದ್ದು ಆ ಕಾಲದ ಲಂಡನ್ನಿನ ಬಳಿ ಇರಲಿಲ್ಲ. ಈ ವಿಷಯದಲ್ಲಿ ಕೇರಳಕ್ಕೆ ಶಹಬ್ಬಾಸ್ ಹೇಳಲೇಬೇಕು.

ಮಾರ್ಚ್ 17ರಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಕೊಚ್ಚಿ ಪಾಲಿಕೆಗೆ 100 ಕೋಟಿ ರೂಪಾಯಿ ಪರಿಸರ ಪರಿಹಾರ ವಿಧಿಸಿತು. ಮುಂದಿನ ತಿಂಗಳು ಹೈಕೋರ್ಟ್ ಅದಕ್ಕೆ ತಡೆ ಕೊಟ್ಟಿತು. ರಾಜ್ಯ ಸರ್ಕಾರ ‘ಮಾಲಿನ್ಯ ಮುಕ್ತಂ ನವಕೇರಳಂ’ ಅಭಿಯಾನ ಹೂಡಿತು. ಬ್ರಹ್ಮಪುರಂ ನೋಡಿ ಬೆದರಿದ್ದ ಮನೆಗಳು ಕಸ ಬೇರ್ಪಡಿಸಲು ಮೊದಲಿಗಿಂತ ಬೇಗ ಒಪ್ಪಿದವು. ಬೆಂಕಿ ಮಾತ್ರ ಜಾಗ ಬದಲಿಸುತ್ತ ಬಂತು. ಅದೇ ವರ್ಷದ ಮೇ ತಿಂಗಳಲ್ಲಿ ಸರ್ಕಾರಿ ಔಷಧ ನಿಗಮದ ಗೋದಾಮುಗಳಿಗೆ ಕೊಲ್ಲಂನಲ್ಲಿ, ತಿರುವನಂತಪುರದ ತುಂಬಾ ಎಂಬಲ್ಲಿ, ಆಲಪ್ಪುಳದಲ್ಲಿ ಒಂದರ ಹಿಂದೊಂದು ಬೆಂಕಿ ಬಿತ್ತು. ಅನುಮಾನ ಬಿದ್ದದ್ದು ಬ್ಲೀಚಿಂಗ್ ಪೌಡರಿನ ಮೇಲೆ. ತುಂಬಾದಲ್ಲಿ ಅಗ್ನಿಶಾಮಕ ಸಿಬ್ಬಂದಿಯೊಬ್ಬರು ಪ್ರಾಣ ಕಳೆದುಕೊಂಡರು.

ಬ್ರಹ್ಮಪುರಂನ ಗುಡ್ಡ ಬಗೆಯುವ ಗುತ್ತಿಗೆ ಆಮೇಲೆ ಪುಣೆಯ ಕಂಪನಿಯ ಪಾಲಾಯಿತು. ಹಸಿ ಕಸದಿಂದ ಜೈವಿಕ ಅನಿಲ ತೆಗೆಯಲು ಬಿಪಿಸಿಎಲ್ ಅಲ್ಲೇ ದಿನಕ್ಕೆ 150 ಟನ್ ಸಾಮರ್ಥ್ಯದ ಘಟಕ ಕಟ್ಟಿತು. 2025ರ ಮಾರ್ಚ್‌ನಲ್ಲಿ, ಬೆಂಕಿಗೆ ಎರಡು ವರ್ಷ ತುಂಬಿದಾಗ, ಸ್ಥಳೀಯ ಸಂಸ್ಥೆಗಳ ಸಚಿವ ಎಂ.ಬಿ. ರಾಜೇಶ್, ಮೇಯರ್ ಎಂ. ಅನಿಲ್‌ಕುಮಾರ್, ಶಾಸಕ ಪಿ.ವಿ. ಶ್ರೀನಿಜಿನ್ ಕಸ ತೆಗೆದ ಸಪಾಟು ನೆಲದ ಮೇಲೆ ಕ್ರಿಕೆಟ್ ಆಡಿ ಫೋಟೊ ಹಂಚಿಕೊಂಡರು. ತಿಪ್ಪೆ ಸಾರಿಸುವುದೆಂದರೆ ಇದೇ ಎಂದು ವಿರೋಧಿಗಳು ಗೇಲಿ ಮಾಡಬಹುದಿತ್ತು. ಆದರೆ ಬ್ಯಾಟು ಬೀಸಲು ಜಾಗ ಆದದ್ದು ನಿಜ.

ಅಳತೆಯ ಕೆಲಸ ನೋಡುವ ಕೇರಳ ಮಾಲಿನ್ಯ ನಿಯಂತ್ರಣ ಮಂಡಳಿ 1974ರಲ್ಲಿ ಹುಟ್ಟಿದಾಗ ಅದರ ಹೆಸರಿನಲ್ಲಿ ನೀರಷ್ಟೇ ಇತ್ತು, ಗಾಳಿ ಸೇರಿಕೊಂಡದ್ದು 1981ರ ಕಾಯ್ದೆಯ ನಂತರ. ತಿರುವನಂತಪುರದಲ್ಲಿ ಪ್ಲಾಮೂಡು, ಕಾರ್ಯವಟ್ಟಂ; ಕೊಚ್ಚಿಯಲ್ಲಿ ವೈಟ್ಟಿಲ, ಕಚ್ಚೇರಿಪ್ಪಡಿ, ಏಲೂರಿನ ಉದ್ಯೋಗಮಂಡಲ್ ಎಂದು ಅದರ ನಿರಂತರ ಮಾಪನ ಕೇಂದ್ರಗಳಿವೆ. ಸೂಚ್ಯಂಕಕ್ಕೆ ಲೆಕ್ಕವಾಗುವುದು ಎಲ್ಲೆಡೆ ಅದೇ ಎಂಟು ವಸ್ತು. ಕೊಚ್ಚಿಯ ಗಾಳಿಯಲ್ಲಿ ಡಯಾಕ್ಸಿನ್ ಎಷ್ಟಿದೆ ಎಂದು ತಿಳಿಯಬೇಕಾದರೆ ಈಗಲೂ ಯಾರಾದರೂ ಪಂಪು ಹೊತ್ತು ಹೋಗಿ ಸ್ಪಂಜಿನಲ್ಲಿ ಮಾದರಿ ಹಿಡಿದು, ಸುಮಾರು 200 ಕಿಲೋಮೀಟರ್ ದಕ್ಷಿಣದ ಪಾಪ್ಪನಂಕೋಡಿನಂಥ ಪ್ರಯೋಗಾಲಯಕ್ಕೆ ಕಳಿಸಿ, ಉತ್ತರಕ್ಕೆ ಕಾಯಬೇಕು.